ಇರುವೆ ಗೂಡಿನ ಜೋಳ

ಮಟಮಟ ಮಧ್ಯಾಹ್ನ. ಖಾನಾವಳಿಯಲ್ಲಿ ಕಾಲಿಡಲು ಜಾಗವಿಲ್ಲ, ಒಳಗೆ ರೊಟ್ಟಿ ತಟ್ಟುವ ಸಪ್ಪಳ ನಿಂತಿಲ್ಲ. ಅಂಥ ಹೊತ್ತಿನಲ್ಲಿ ಖಾನಾವಳಿಯ ಮಾಲೀಕ, ಅಂದರೆ ನನ್ನ ತಮ್ಮ ಸಂಗನಬಸು, ಹಿತ್ತಿಲಲ್ಲಿ ಮೊಣಕಾಲೂರಿ ಕುಳಿತು ಇರುವೆ ಗೂಡು ಅಗೆಯುತ್ತಿದ್ದ.

ಅವನ ಹೆಂಡತಿ ಮಹಾನಂದಾ ಫೋನ್ ಮಾಡಿ, "ಅಕ್ಕಾರ, ಲಗೂ ಬರ್ರಿ. ಇವ್ರು ಏನೋ ಮಾಡಾಕತ್ತಾರ, ನನಗ ಅಂಜಿಕಿ ಬರಾಕತ್ತೈತಿ" ಎಂದಿದ್ದಳು. ನಾನು ಲ್ಯಾಬಿನ ಬಿಳಿ ಕೋಟನ್ನೂ ಬಿಚ್ಚದೆ ಆಟೋ ಹತ್ತಿ ಬಂದಿದ್ದೆ. ರೊಟ್ಟಿ ಹೊರಳಿಸುವ ಸಟ್ಟುಗದಿಂದ ಅವನು ಮಣ್ಣು ಕೆದರುತ್ತಿದ್ದ. ಪಕ್ಕದಲ್ಲಿ ಹಾಸಿದ ಟವೆಲ್ಲಿನ ಮೇಲೆ ಒಂದೊಂದೇ ಜೋಳದ ಕಾಳು. ಇರುವೆಗಳು ಮೊಣಕೈವರೆಗೆ ಹತ್ತಿ ಕಚ್ಚುತ್ತಿದ್ದರೂ ಅವನಿಗೆ ಖಬರಿಲ್ಲ.

"ಏ ಸಂಗೂ, ಏನೋ ಇದು? ಒಳಗ ಮೂರು ಚೀಲ ಜೋಳ ಐತೆಲ್ಲೋ!"

"ಗೊತ್ತೈತಕ್ಕಾ" ಎಂದ. ತಲೆ ಎತ್ತಲಿಲ್ಲ. "ಕೈ ಕೇಳವಲ್ದು."

ಕೊನೆಗೆ ಟವೆಲ್ಲಿನಿಂದ ಒಂದು ಹಿಡಿ ಕಾಳು ತೆಗೆದು ಗೂಡಿನ ಬಾಯಿಗೆ ಹಾಕಿ, ಮೇಲೆ ಮಣ್ಣೆಳೆದು ಮೆಲ್ಲಗೆ ತಟ್ಟಿದ. ಅದನ್ನು ನೋಡಿ ನಾನು ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಯಾಕೆಂದರೆ ಆ ಒಂದು ಹಿಡಿಯ ಕಥೆ ನನಗೆ ಗೊತ್ತಿತ್ತು. ನಮ್ಮ ಅಜ್ಜಿ ತನ್ನ ಅಜ್ಜಿಯ ವಿಷಯ ಹೇಳುತ್ತಿದ್ದಳು. ದೊಡ್ಡ ಬರ ಬಿದ್ದಾಗ ಆ ಮುದುಕಿ ಹೊಲದ ಬದುವಿನಲ್ಲಿ ಇರುವೆ ಗೂಡು ಅಗೆದು, ಅವು ಕೂಡಿಟ್ಟ ಕಾಳು ಆರಿಸಿ ಗಂಜಿ ಕಾಸಿ ಇಬ್ಬರು ಮಕ್ಕಳನ್ನು ಉಳಿಸಿಕೊಂಡಳಂತೆ. ಐವರು ಉಳಿಯಲಿಲ್ಲ. ಪ್ರತಿ ಗೂಡಿನಲ್ಲೂ ಒಂದು ಹಿಡಿ ಬಿಟ್ಟು ಮುಚ್ಚುತ್ತಿದ್ದಳಂತೆ, "ಅವಕ್ಕೂ ಮಕ್ಕಳು ಅದಾವ" ಎಂದು. ಅಜ್ಜಿ ಇದನ್ನು ನನ್ನೊಬ್ಬಳಿಗೇ ಹೇಳಿದ್ದು. ಅವಳು ತೀರಿಕೊಂಡಾಗ ಸಂಗೂ ಇನ್ನೂ ತೊಟ್ಟಿಲಲ್ಲಿದ್ದ. ನಾನು ಆ ಕಥೆಯನ್ನು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ಉಣ್ಣುವ ಮನೆಯಲ್ಲಿ ಹಸಿವಿನ ಮಾತು ಯಾಕೆ ಎಂದು ಸುಮ್ಮನಿದ್ದೆ.

ನನ್ನ ಹೆಸರು ಕಾಶೀಬಾಯಿ. ವಯಸ್ಸು ಐವತ್ತಾರು. ವಿಜಯಪುರದ ಹೊರವಲಯದಲ್ಲಿರುವ ವಂಶವಾಹಿ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್. ಗಂಡ ಇಲ್ಲ, ಮಕ್ಕಳಿಲ್ಲ, ಸಿಟ್ಟು ಮಾತ್ರ ಬೇಕಾದಷ್ಟಿದೆ. ಅದರಲ್ಲೂ ದಪ್ಪಗಿರುವವರನ್ನು ಕಂಡ ಕೂಡಲೇ "ಬಾಯಿ ಕಟ್ರಿ" ಎಂದು ಉಪದೇಶಕ್ಕೆ ಇಳಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮವ್ವ ದಿನಕ್ಕೆ ಎರಡೇ ರೊಟ್ಟಿ ತಿಂದವಳು. ಸಕ್ಕರೆ ಕಾಯಿಲೆಗೆ ಅವಳ ಬಲಗಾಲು ಹೋಯಿತು, ಆಮೇಲೆ ಅವಳೂ ಹೋದಳು. ಸೋದರಮಾವನ ಎರಡೂ ಕಣ್ಣು ಹೋದವು. ಬಾಯಿ ಕಟ್ಟದೆ ಆದದ್ದೇ ಇದೆಲ್ಲ?

ಜೀನು ಎಂದರೆ ಒಂದು ದೊಡ್ಡ ಬರಹ ಎಂದುಕೊಳ್ಳಿ. ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಅದೇ ಬರಹ, ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ. ಒಂದು ಅಕ್ಷರ ಬೇರೆಯಾದ ಮಾತ್ರಕ್ಕೆ ಯಾರಿಗೂ ಸಕ್ಕರೆ ಕಾಯಿಲೆ ಬರುವುದಿಲ್ಲ. ನೂರಾರು ಕಡೆ ಇರುವ ಸಣ್ಣ ವ್ಯತ್ಯಾಸಗಳು ಸೇರಿ, ತಿನ್ನುವುದು, ಕೂರುವುದು, ಓಡಾಡುವುದು ಎಲ್ಲ ಸೇರಿ ಬರುತ್ತದೆ. ಆದರೆ ನಮ್ಮ ಸೀಮೆಯ ಕೆಲವು ಮನೆತನಗಳಲ್ಲಿ ಇಂಥ ಹನ್ನೊಂದು ವ್ಯತ್ಯಾಸಗಳು ಒಂದೇ ಕಡೆ ಗುಂಪಾಗಿ ಕುಳಿತಿರುವುದನ್ನು ನಮ್ಮ ಕೇಂದ್ರದ ಮುಖ್ಯಸ್ಥೆ ಡಾ. ಪದ್ಮಜಾ ಉಪಾಧ್ಯೆ ಕಂಡುಹಿಡಿದರು. ಆ ಜಾಗಕ್ಕೆ ಅವರಿಟ್ಟ ಹೆಸರು 'ಕಣಜ'. ಸಿಕ್ಕ ಪ್ರತಿ ತುತ್ತನ್ನೂ ಕೊಬ್ಬು ಮಾಡಿ ಕೂಡಿಡುವುದು, ಕೂಡಿಟ್ಟದ್ದು ಸಾಲದು ಎಂದು ಹಸಿವಿನ ಗಂಟೆ ಬಾರಿಸುವುದು, ಇವೆರಡೇ ಅದರ ಕೆಲಸ. ಬರದಲ್ಲಿ ಬದುಕಿ ಉಳಿದವರ ಮೈಯಲ್ಲಿ ಇದಿತ್ತು, ಅದಕ್ಕೇ ಉಳಿದರು. ಉಳಿದವರ ಮೊಮ್ಮಕ್ಕಳು ನಾವು. ಬರ ಹೋಗಿ ಎಷ್ಟೋ ಕಾಲವಾದರೂ ಕಣಜಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಡಾಕ್ಟರು ಅದಕ್ಕೊಂದು ಮದ್ದು ಕಟ್ಟಿದರು. ಒಂದೇ ಒಂದು ಇಂಜೆಕ್ಷನ್. ಮೈಯೊಳಗೆ ಹೋಗಿ ಕಣಜದ ಅಕ್ಷರಗಳನ್ನು ತಿದ್ದಿ ಬರುತ್ತದೆ. ತೊಡಕು ಇದ್ದದ್ದು ಒಂದೇ. ಹೊಟ್ಟೆ ತುಂಬಿದಾಗ ಆ ಜಾಗ ಸುರುಳಿ ಸುತ್ತಿಕೊಂಡು ಮುಚ್ಚಿರುತ್ತದೆ. ಮೂವತ್ತಾರು ತಾಸು ಉಪವಾಸವಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ, ಆಗಲೇ ಮದ್ದು ಒಳಗೆ ಹೋಗಬೇಕು. ಮದ್ದು ಒಳಗಿರುವಾಗ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನೀರು ಬಿಟ್ಟು ಏನೂ ಮುಟ್ಟಬಾರದೆಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದ್ದೆವು. ಅಂಟಿಸಿದವಳೇ ನಾನು.

ಸಂಗೂ ಆಗ ನೂರಾ ಹದಿನೆಂಟು ಕಿಲೋ ಇದ್ದ. ಎಡಗಾಲಿನ ಹೆಬ್ಬೆರಳು ಕಪ್ಪಾಗತೊಡಗಿತ್ತು. ಅವ್ವನಿಗೆ ಶುರುವಾದದ್ದೂ ಹಾಗೆಯೇ. ಮದ್ದಿನ ಮೊದಲ ಪ್ರಯೋಗದ ಹದಿನೆಂಟು ಮಂದಿಯಲ್ಲಿ ನಾನೇ ಹಟ ಹಿಡಿದು ಅವನ ಹೆಸರು ಸೇರಿಸಿದೆ. ಒಂದೂವರೆ ದಿನ ವಾರ್ಡಿನಲ್ಲಿ ಉಪವಾಸ ಇದ್ದ ಪುಣ್ಯಾತ್ಮ. ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಕರೆದೊಯ್ಯುವಾಗ ಗಾಲಿಕುರ್ಚಿಯಲ್ಲಿ ಕುಳಿತು ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟಾಗಲೂ ಹೀಗೇ ಅವ್ವನ ಕಡೆ ನೋಡಿದ್ದ.

ನಮ್ಮ ಮನೆಯಲ್ಲಿ ಒಂದು ರೂಢಿ. ಯಾರಾದರೂ ದೊಡ್ಡ ಕೆಲಸಕ್ಕೆ ಹೊಸ್ತಿಲು ದಾಟುವಾಗ ಅವ್ವ ತನ್ನ ಸಣ್ಣ ಸ್ಟೀಲ್ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕುತ್ತಿದ್ದಳು. ಪರೀಕ್ಷೆ, ಹೆಣ್ಣು ನೋಡುವುದು, ಕೋರ್ಟು ಕಚೇರಿ, ಎಲ್ಲದಕ್ಕೂ. ಕಾಲು ಕತ್ತರಿಸುವ ದಿನ ತನ್ನ ಬಾಯಿಗೆ ತಾನೇ ಹಾಕಿಕೊಂಡು ಡಾಕ್ಟರರಿಂದ ಬೈಸಿಕೊಂಡಿದ್ದಳು. ಅವಳು ಹೋದ ಮೇಲೆ ಆ ಡಬ್ಬಿ ನನ್ನ ಪರ್ಸಿಗೆ ಬಂದಿತ್ತು.

ಹಾಕಿದೆ. ಏನಂತ ಹೇಳಲಿ? ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿ ದುಡಿದ ಈ ಕೈ, ಕೆಂಪಕ್ಷರ ಅಂಟಿಸಿದ ಈ ಕೈ, ಡಬ್ಬಿ ತೆರೆದು ಒಂದು ಚಿಟಿಕೆ ಸಕ್ಕರೆ ಅವನ ನಾಲಿಗೆಯ ಮೇಲೆ ಇಟ್ಟಿತು. "ಹೋಗಿ ಬಾ, ಛಲೋ ಆಗ್ತೈತಿ" ಎಂದೆ. ಆಮೇಲೆ ಕಂಟ್ರೋಲ್ ರೂಮಿಗೆ ಹೋಗಿ ಕುಳಿತು, ಗಾಜಿನಾಚೆ ಮಲಗಿದ್ದ ಅವನನ್ನು ಮೈಕಿನಲ್ಲಿ ನಿಯಮದಂತೆ ಕೇಳಿದೆ: "ಏನರೆ ತಿಂದಿಯೇನು?"

"ಇಲ್ಲಕ್ಕಾ."

'ಇಲ್ಲ' ಎಂದು ಒತ್ತಿದೆ, ಮದ್ದು ಅವನ ರಕ್ತಕ್ಕೆ ಇಳಿಯತೊಡಗಿತು. ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಸುಳ್ಳು ಹೇಳಲಿಲ್ಲ. ಬಾಯಿ ಸಿಹಿ ಮಾಡುವುದನ್ನು ತಿನ್ನುವುದು ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಎಣಿಸಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಪರದೆಯ ಮೇಲೆ ಇನ್ಸುಲಿನ್ನಿನ ಗೆರೆ ಕೂದಲೆಳೆಯಷ್ಟು ಎದ್ದು ಮತ್ತೆ ಕೂತಿತು. ಮಷಿನ್ನಿನ ತಕರಾರು ಎಂದುಕೊಂಡೆ.

ಮೊದಲ ತಿಂಗಳು ಎಲ್ಲರೂ ಸಿಹಿ ಹಂಚಿದೆವು. ಸಂಗೂನ ಸಕ್ಕರೆ ಮುನ್ನೂರರಿಂದ ತೊಂಬತ್ತಾರಕ್ಕೆ ಇಳಿಯಿತು. ಬೆರಳು ಉಳಿಯಿತು. ತೂಕ ಸರಸರನೆ ಇಳಿಯಿತು. ಹಸಿವು ಮಾತ್ರ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಆರು ರೊಟ್ಟಿ ತಿಂದು ಎದ್ದವನು ಕೈ ತೊಳೆಯುವಷ್ಟರಲ್ಲಿ ಮತ್ತೆ ತಟ್ಟೆ ಹುಡುಕುವನು. ಅವನ ಮೈ ಕೊಬ್ಬು ಕೂಡಿಡುವುದನ್ನು ಬಿಟ್ಟಿತ್ತು, ಗಂಟೆ ಬಾರಿಸುವುದನ್ನು ಬಿಟ್ಟಿರಲಿಲ್ಲ.

ಮಹಾನಂದಾ ದಿಂಬಿನ ಕೆಳಗೆ ರೊಟ್ಟಿ ಚೂರು ಕಂಡಳು. ಅಂಗಿಯ ಕಿಸೆಯಲ್ಲಿ ಬೇಳೆ. ಗಿರಾಕಿಗಳು ಎದ್ದ ಮೇಲೆ ಅವನು ನೆಲದ ಮೇಲೆ ಬಿದ್ದ ಅಗುಳು ಆರಿಸುತ್ತಿದ್ದ. "ಹೊಟ್ಟಿ ತುಂಬ ಉಣ್ರಿ, ಸಾಕಂದ್ರ ಮಾತ್ರ ಬಿಡ್ತೀನಿ" ಎಂದು ಊರಿಗೆಲ್ಲ ಬಡಿಸುತ್ತಿದ್ದ ಮನುಷ್ಯ ಒಂದು ದಿನ ನನ್ನೆದುರು ತಟ್ಟೆ ಸರಿಸಿ ಅತ್ತುಬಿಟ್ಟ.

"ಅಕ್ಕಾ, ಎಲ್ಲಾರೂ ಸಾಕು ಅಂತಾರ. ನನ್ನ ಬಾಯಿಗೆ ಆ ಮಾತು ಬರವಲ್ದು. ಇದು ನನ್ನ ಹಸಿವು ಅಲ್ಲ ಅನಸ್ತೈತಿ. ಯಾರೋ ಒಳಗ ಕುಂತು ಉಣ್ಣಾಕತ್ತಾರ."

ಆ ಮಾತು ಕೇಳಿದ ಸಂಜೆಯೇ ಬಸ್ಸಿನ ಚಿಲ್ಲರೆಗಾಗಿ ಪರ್ಸು ತಡಕಿದಾಗ ಅವ್ವನ ಡಬ್ಬಿ ಕೈಗೆ ತಾಕಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತಲ್ಲೇ ನನಗೆ ಎಲ್ಲ ತಿಳಿಯಿತು. ಹನ್ನೊಂದು ಹತ್ತು. ಕೂದಲೆಳೆ. ನಾಲಿಗೆಗೆ ಸಿಹಿ ತಾಕಿದರೆ ಸಾಕು, ಅದು ಹೊಟ್ಟೆಗೆ ಇಳಿಯುವ ಮೊದಲೇ ಇನ್ಸುಲಿನ್ ಹೊರಡುತ್ತದೆ. ಇದನ್ನು ಟ್ರೇನಿಗಳಿಗೆ ನಾನೇ ಪಾಠ ಮಾಡಿದ್ದೇನೆ. ಊಟ ಬಂತೆಂಬ ಆ ಸುದ್ದಿಗೆ ಕಣಜದ ಬಾಗಿಲು ಮುಚ್ಚತೊಡಗಿದಾಗ ಮದ್ದು ಅರ್ಧ ಕೆಲಸದಲ್ಲಿತ್ತು. ಈಗ ಆ ಬಾಗಿಲು ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ತಮ್ಮನ ಮೈಗೆ ಇವತ್ತೂ ಬರ, ನಾಳೆಯೂ ಬರ. ಮತ್ತೊಂದು ಸಲ ಇಂಜೆಕ್ಷನ್ ಕೊಡುವಂತಿಲ್ಲ, ಒಮ್ಮೆ ಮದ್ದಿನ ಗುರುತು ಹಿಡಿದ ರಕ್ತ ಎರಡನೇ ಸಲ ಅದನ್ನು ಒಳಗೆ ಬಿಡುವುದಿಲ್ಲ, ಜೀವಕ್ಕೇ ಕುತ್ತು.

ಏಳು ತಿಂಗಳು ಬಾಯಿ ಬಿಡಲಿಲ್ಲ. ಹೆದರಿಕೆ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು ಪಾಲಾದರೆ, ತಮ್ಮ ನನ್ನನ್ನು ಹೇಗೆ ನೋಡಿಯಾನು ಎಂಬ ಹೆದರಿಕೆ ಮೂರು ಪಾಲು. ಆಮೇಲೆ ಇರುವೆ ಗೂಡಿನ ದಿನ ಬಂತು.

ಮರುದಿನ ಕಂಟ್ರೋಲ್ ರೂಮಿನಲ್ಲಿ ಡಾಕ್ಟರರಿಗೆ ಆ ಗೂಡಿನ ವಿಷಯವನ್ನೂ ಅಜ್ಜಿಯ ಕಥೆಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕಾಶೀಬಾಯಿ, ಜೀನು ಕಥೆ ಹೊತ್ತು ತರೂದಿಲ್ಲ. ಹಸಿದ ಮನುಷ್ಯ ಕಾಳು ಇದ್ದ ಕಡೆ ಕೈ ಹಾಕ್ತಾನ, ಅಷ್ಟ."

"ಹಸಿದ ಮನುಷ್ಯ ಒಂದು ಹಿಡಿ ವಾಪಸ್ ಇಡ್ತಾನೇನ್ರಿ ಮೇಡಂ?"

ಅವರು ಪರದೆಯ ಕಡೆ ತಿರುಗಿ ಮಾತು ಬದಲಿಸಿದರು. "ಹದಿನೆಂಟು ಮಂದ್ಯಾಗ ಹದಿನೇಳು ಮಂದಿಗೆ ಆರಾಮ ಆಗೇದ. ನಿಮ್ಮ ತಮ್ಮ ಒಬ್ಬಂವಗ ಹಿಂಗ. ನಿಮ್ಮ ಮನೆತನದಾಗ ನಮಗ ಕಾಣದ ಹನ್ನೆರಡನೇ ವ್ಯತ್ಯಾಸ ಏನೋ ಇರಬೇಕು ಅಂತ ಪ್ರಯೋಗದ ಸಮಿತಿ ಹೇಳೇದ. ನಿಮ್ಮ ತಮ್ಮನ ರಕ್ತಸಂಬಂಧಿಗಳಿಗೆ ಯಾರಿಗೂ ಈ ಚಿಕಿತ್ಸೆ ಕೊಡಬಾರದು ಅಂತ ಪತ್ರ ಹೊರಡಸ್ರಿ."

ಪತ್ರದಲ್ಲಿ ಮೊದಲ ಹೆಸರು ದಾನೇಶ್ವರಿ. ಸಂಗೂನ ಮಗಳು, ನಮ್ಮ ದಾನಿ, ಹತ್ತೊಂಬತ್ತು ವರ್ಷ. ಕಣಜ ಅಪ್ಪನಿಂದ ಇದ್ದದ್ದು ಇದ್ದ ಹಾಗೆಯೇ ಅವಳಿಗೆ ಬಂದಿದೆ. ದಿನಾ ಬೆಳಿಗ್ಗೆ ಗೋಳಗುಮ್ಮಟದವರೆಗೆ ನಡೆದು ಬರುತ್ತಾಳೆ, ಅರ್ಧ ರೊಟ್ಟಿ ತಿನ್ನುತ್ತಾಳೆ, ಆದರೂ ತೊಂಬತ್ತನಾಲ್ಕು ಕಿಲೋ. ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಬಂದಿದೆ. ಅದು ಸಕ್ಕರೆ ಕಾಯಿಲೆಯ ಮುನ್ಸೂಚನೆ. ಮದುವೆ ಮನೆಗಳಲ್ಲಿ ಹೆಂಗಸರು "ಚಂದಂಗ ತಿಕ್ಕಿ ತೊಳ್ಕೋಬಾರದೇನ" ಎನ್ನುತ್ತಾರೆ. ಮೊನ್ನೆಯಷ್ಟೇ ಉಪವಾಸದ ರಕ್ತದಲ್ಲಿ ನೂರಾ ಎಂಬತ್ತು ಬಂದಿತ್ತು. ಅವ್ವನ ಕಾಲು, ಸೋದರಮಾವನ ಕಣ್ಣು, ಮುಂದಿನದು ಅವಳದು. ಇಲ್ಲದ ಹನ್ನೆರಡನೇ ವ್ಯತ್ಯಾಸಕ್ಕಾಗಿ!

ಪತ್ರ ಟೈಪ್ ಮಾಡಿದೆ. ಕಳಿಸುವ ಗುಂಡಿ ಒತ್ತಲಿಲ್ಲ. ಎದ್ದು ಖಾನಾವಳಿಗೆ ಹೋದೆ.

ಗಿರಾಕಿಗಳು ಹೋಗಿದ್ದರು. ಸಂಗೂ ತೊಳೆದ ತಟ್ಟೆಗಳನ್ನು ಒರೆಸುತ್ತ, ಒಂದೊಂದನ್ನೂ ಮೂಗಿನ ಹತ್ತಿರ ತಂದು ಮೂಸುತ್ತಿದ್ದ. ಅವನೆದುರು ಡಬ್ಬಿ ಇಟ್ಟೆ.

"ಸಂಗೂ, ಅವತ್ತ ನಿನ್ನ ಬಾಯಾಗ..."

"ಗೊತ್ತೈತಕ್ಕಾ."

ಡಬ್ಬಿಯನ್ನು ನನ್ನ ಕಡೆಗೇ ಸರಿಸಿದ.

"ನೀ ಹಾಕಿದ ಗಳಿಗೆಯೊಳಗ ಗೊತ್ತಾತು. ಗ್ವಾಡಿ ಮ್ಯಾಲ ಬರದದ್ದು ನಾನೂ ಓದಿದ್ನೆಲ್ಲ. ಉಗುಳಬೇಕು ಅಂದ್ಕೊಂಡೆ. ಅವ್ವನ ಡಬ್ಬಿ ಸಕ್ರಿ ಹೆಂಗ ಉಗುಳ್ಲಿ? ನುಂಗಿದೆ. ಇಷ್ಟರಾಗ ಏನಾಗ್ತೈತಿ ಅಂದ್ಕೊಂಡೆ." ತಟ್ಟೆ ಕೆಳಗಿಟ್ಟ. "ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು. ಹಸಿವು ನನ್ನ ಹಂತ್ಯಾಕ ಇರ್ಲಿ ಬಿಡು."

ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತೆ. ದೊಡ್ಡವಳು ನಾನು, ಸಮಾಧಾನ ಮಾಡಿದವನು ಅವನು. ಸ್ವಲ್ಪ ಹೊತ್ತಿನ ನಂತರ ಪತ್ರದ ವಿಷಯ ಹೇಳಿದೆ. ತಲೆ ಸವರುತ್ತಿದ್ದ ಅವನ ಕೈ ನಿಂತಿತು.

"ದಾನಿಗೆ ಕೊಡೂದಿಲ್ಲಂತ? ಯಾಕ?"

"ನಮ್ಮ ರಕ್ತದಾಗ ಏನೋ ಬ್ಯಾರೆ ಐತಿ ಅಂತಾರ."

ಸಂಗೂ ಎದ್ದು ನಿಂತ. ಜೀವಮಾನದಲ್ಲಿ ನನ್ನೆದುರು ದನಿ ಎತ್ತಿದವನಲ್ಲ. "ನಡಿ. ಈಗಿಂದೀಗ ನಡಿ. ನನ್ನ ಹಸಿವು ನಿನ್ನ ಮ್ಯಾಲ ಹಾಕಲಿಲ್ಲ ನಾ, ಹಾಕೂದೂ ಇಲ್ಲ. ಮಗಳದ್ದು ಮಾತ್ರ ನಿನ್ನ ಮ್ಯಾಲ ಹಾಕ್ತೀನಿ. ಏಳಕ್ಕಾ!"

ಇಬ್ಬರೂ ಸ್ಕೂಟರಿನಲ್ಲಿ ಹೋದೆವು. ಡಾಕ್ಟರು ನನ್ನ ಮಾತು ಪೂರ್ತಿ ಕೇಳಿದರು. ಅವತ್ತಿನ ಗೆರೆ ತೆಗೆಸಿ ನೋಡಿದರು, ಹನ್ನೊಂದು ಹತ್ತರ ಕೂದಲೆಳೆಯನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದರು.

"ಏಳು ತಿಂಗಳು!" ಎಂದರು. "ಏಳು ತಿಂಗಳು ಆ ಇಲ್ಲದ ವ್ಯತ್ಯಾಸ ಹುಡುಕೇವ್ರಿ ನಾವು. ನೀವು ಇಲ್ಲೇ ಬಾಜೂಕ ಕೂತಿದ್ರಿ."

ನಾನು ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ಬೇಡ ಎನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸಮಿತಿ ತನ್ನ ನಿರ್ಧಾರವನ್ನು ರದ್ದು ಮಾಡಿತು. ಎರಡು ತಿಂಗಳ ನಂತರ ದಾನಿಯ ಸರದಿ ಬಂತು. ಹಿಂದಿನ ದಿನ ಕೇಳಿದ್ದಳು: "ಅತ್ತಿ, ನಾನೂ ಅಪ್ಪನಂಗ ಆದ್ರ?" "ಆಗೂದಿಲ್ಲ" ಎಂದೆ. "ಅದು ಮದ್ದಿನಿಂದ ಆದದ್ದಲ್ಲ, ನನ್ನ ಕೈಯಿಂದ ಆದದ್ದು." ಅವಳು ನನ್ನ ಕೈ ಹಿಡಿದುಕೊಂಡಳು.

ಆ ಬೆಳಿಗ್ಗೆ ನಾನು ಸಂಬಂಧಿಕರ ಸಾಲಿನಲ್ಲಿ, ಕೆಂಪಕ್ಷರದ ಕೆಳಗೆ ನಿಂತಿದ್ದೆ. ಈಗ ಅಲ್ಲಿ ಹೊಸ ಸಾಲೊಂದು ಸೇರಿತ್ತು: ಸಕ್ಕರೆ, ಬೆಲ್ಲ, ಪ್ರಸಾದ, ತೀರ್ಥ ಕೂಡ ಬೇಡ. ಗಾಲಿಕುರ್ಚಿ ಬಂತು. ದಾನಿಯ ತುಟಿ ಒಣಗಿತ್ತು. ನಮ್ಮ ಹತ್ತಿರ ಬಂದಾಗ ಅವಳು ನನ್ನ ಕಡೆ ನೋಡಿದಳು, ಅದೇ ನೋಟ. ನೋಡುತ್ತ ನೋಡುತ್ತ, ತನಗೇ ತಿಳಿಯದ ಹಾಗೆ, ಬಾಯಿ ತುಸು ತೆರೆದಳು.

ನನ್ನ ಕೈ ಆಗಲೇ ಪರ್ಸಿನಲ್ಲಿತ್ತು. ಸುಳ್ಳು ಹೇಳಲಾರೆ. ಡಬ್ಬಿಯ ಮುಚ್ಚಳ ತೆರೆದಿತ್ತು, ಬೆರಳ ತುದಿಯಲ್ಲಿ ಸಕ್ಕರೆ ಇತ್ತು. ಇಷ್ಟೆಲ್ಲ ಆದ ಮೇಲೂ! ಆ ಬೆರಳುಗಳು ನನ್ನವೆಂದು ನನಗೆ ಅನಿಸಲೇ ಇಲ್ಲ. ಚಿಟಿಕೆ ಹಿಡಿದ ರೀತಿ ಅವ್ವನದು. ಬಲಗೈ ನಿಲ್ಲದು ಎಂದು ಎಡಗೈಯಿಂದ ಅದರ ಮಣಿಕಟ್ಟು ಹಿಡಿದೆ. ಅಷ್ಟರಲ್ಲಿ ಪಕ್ಕದಿಂದ ಸಂಗೂ ಮುಂದೆ ಬಂದು ಮಗಳಿಗೆ ಅಡ್ಡ ನಿಂತ.

"ನನಗ ಹಾಕಕ್ಕಾ" ಎಂದ. "ಆಕಿದೂ ನಾನ ತಿಂತೀನಿ."

ಬಾಯಿ ತೆರೆದ. ಹಾಕಿದೆ. ಅವನ ಬೆನ್ನ ಹಿಂದೆ ಗಾಲಿಕುರ್ಚಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಸಂಗೂ ಕಣ್ಣು ಮುಚ್ಚಿ ಸಕ್ಕರೆ ಕರಗುವವರೆಗೆ ನಿಂತಿದ್ದ. ಒಳಗಿನಿಂದ ಹೊಸ ಟೆಕ್ನಿಷಿಯನ್ನಿನ ದನಿ ಮೈಕಿನಲ್ಲಿ ಕೇಳಿಸಿತು: "ಏನಾದರೂ ತಿಂದೀರೇನು?" ದಾನಿಯ ದನಿ, ಸಣ್ಣಗೆ, ಗಟ್ಟಿಯಾಗಿ: "ಇಲ್ರೀ."

ಆಗ ಅವನು ಕಣ್ಣು ತೆರೆದು ನನ್ನನ್ನು ನೋಡಿ ನಕ್ಕ. ಒಂಬತ್ತು ತಿಂಗಳಿಂದ ಅವನ ಬಾಯಲ್ಲಿ ಕೇಳದ ಮಾತನ್ನು ಹೇಳಿದ.

"ಸಾಕಕ್ಕಾ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅದರ ಕೆಳಗೆ ಅವನ ಬೊಗಸೆ ಇನ್ನೂ ಒಡ್ಡಿಯೇ ಇತ್ತು, ಒಂದು ಹರಳೂ ನೆಲಕ್ಕೆ ಬೀಳದ ಹಾಗೆ.